ಅರೇತರಾಜನ ನಾಣ್ಯಗಳೂ ದಮಸ್ಕದ ಬುಟ್ಟಿಯೂ

ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ತಪ್ಪಿಸಿಕೊಂಡುದನ್ನು ಹೇಳುವಾಗ (2 ಕೊರಿಂಥ 11:32-33) ಪೌಲನು ಅರೇತರಾಜನ ಅಧಿಪತಿಯನ್ನು ಉಲ್ಲೇಖಿಸುತ್ತಾನೆ. ತನ್ನ ಕಾಲದ ಅರಸನೊಬ್ಬನನ್ನು ಅಪೊಸ್ತಲನು ಪತ್ರಿಕೆಗಳಲ್ಲಿ ಹೆಸರಿಸುವುದು ಇಲ್ಲಿ ಮಾತ್ರ. ಆದುದರಿಂದಲೇ ಅವನ ಜೀವಿತದ ಕಾಲಗಣನೆಯಲ್ಲಿ ಈ ವಚನಕ್ಕೆ ಅಷ್ಟು ತೂಕ.

ಈತನು ಕ್ರಿ.ಪೂ. 9ರಿಂದ ಕ್ರಿ.ಶ. 40ರವರೆಗೆ ಪೆಟ್ರಾ ನಗರದಿಂದ ಆಳಿದ ನಾಲ್ಕನೆಯ ಅರೇತ. ಅವನ ಜನರಾದ ನಬತೇಯರು ಧೂಪದ್ರವ್ಯದ ವ್ಯಾಪಾರದಿಂದ ಬೆಳೆದವರು. ಆ ವ್ಯಾಪಾರದ ಲೋಕ ನಮಗೆ ದೂರದ್ದಲ್ಲ. ಕೆಂಪು ಸಮುದ್ರದ ಯಾನವನ್ನು ವಿವರಿಸುವ 'ಪೆರಿಪ್ಲಸ್' ಎಂಬ ಗ್ರೀಕ್ ಕೃತಿಯು ನಬತೇಯರ ಅರಸ ಮಲಿಕನನ್ನೂ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳನ್ನೂ ಒಟ್ಟಿಗೇ ಹೆಸರಿಸುತ್ತದೆ. ಅತ್ತಿವೇರಿಗೆ ದಕ್ಷಿಣದಲ್ಲಿರುವ ಬನವಾಸಿಯನ್ನು ಭೂಗೋಳಜ್ಞ ಟಾಲೆಮಿಯು ಬಲ್ಲನು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ವ್ಹೀಲರ್ ನಡೆಸಿದ ಉತ್ಖನನದಲ್ಲಿ ತಿಬೇರಿಯನ ಬೆಳ್ಳಿಯ ದಿನಾರಿ ದೊರೆಯಿತು. ಕೈಸರನ ತೆರಿಗೆಯ ಪ್ರಸಂಗದಲ್ಲಿ ಯೇಸುವಿಗೆ ತೋರಿಸಿದ ನಾಣ್ಯವು ಇಂಥದ್ದೇ ಎಂಬುದು ಸಾಮಾನ್ಯ ಅಭಿಪ್ರಾಯ.

ಕ್ರಿ.ಪೂ. 84ರ ಸುಮಾರಿಗೆ ದಮಸ್ಕವನ್ನು ಪಡೆದ ಮೂರನೆಯ ಅರೇತನು ಅಲ್ಲಿ ಗ್ರೀಕ್ ಲಿಪಿಯಲ್ಲಿ ನಾಣ್ಯಗಳನ್ನು ಅಚ್ಚುಹಾಕಿಸಿ, ತನ್ನನ್ನು ಗ್ರೀಕರ ಮಿತ್ರನೆಂದು ಕರೆದುಕೊಂಡನು. ನಾಲ್ಕನೆಯ ಅರೇತನಾದರೋ ತನ್ನ ಅರಮೇಯ ಲಿಪಿಯಲ್ಲಿಯೇ 'ತನ್ನ ಜನರನ್ನು ಪ್ರೀತಿಸುವವನು' ಎಂದು ಬರೆಯಿಸಿದನು. ಅವನ ಪಕ್ಕದಲ್ಲಿ ರಾಣಿ ಶಕೀಲತೆಯ ಮುಖವೂ ಇದೆ. (ಹೆರೋದ ಅಂತಿಪನು ಹೆರೋದ್ಯಳಿಗಾಗಿ ತೊರೆದದ್ದು ಈ ಅರೇತನ ಮಗಳನ್ನೇ, ಸ್ನಾನಿಕ ಯೋಹಾನನ ಮರಣದ ಕಥೆಗೆ ಇದೇ ಹಿನ್ನೆಲೆ.)

ದಮಸ್ಕದ ಟಂಕಸಾಲೆಯಲ್ಲಿ ತಿಬೇರಿಯನ ನಾಣ್ಯಗಳಿವೆ, ನೀರೋವಿನವೂ ಇವೆ. ನಡುವಣ ಕಲಿಗುಲ, ಕ್ಲೌದ್ಯರವು ದೊರೆತಿಲ್ಲ. ಈ ಕೊರತೆಯಿಂದ ಕೆಲವರು, ಕ್ರಿ.ಶ. 37ರಲ್ಲಿ ತಿಬೇರಿಯನು ಸತ್ತ ಬಳಿಕ ಕಲಿಗುಲನು ನಗರವನ್ನು ಅರೇತನಿಗೆ ಒಪ್ಪಿಸಿದನೆಂದೂ ಪೌಲನ ಪಲಾಯನವು 37ರಿಂದ 40ರೊಳಗೆ ನಡೆಯಿತೆಂದೂ ಹೇಳುತ್ತಾರೆ. ಊಹೆ ಸೊಗಸಾಗಿದೆ. ಆದರೆ ಇಲ್ಲದ ನಾಣ್ಯವು ಸಾಕ್ಷಿ ನುಡಿಯಲಾರದು. ನಾಲ್ಕನೆಯ ಅರೇತನು ದಮಸ್ಕದಲ್ಲಿ ಅಚ್ಚುಹಾಕಿಸಿದ ನಾಣ್ಯವೂ ಸಿಕ್ಕಿಲ್ಲ. ಪೌಲನು ಬಳಸಿದ 'ಎಥ್ನಾರ್ಕ್' ಎಂಬ ಪದವು ರೋಮಿನ ಅಧೀನದಲ್ಲಿದ್ದ ನಗರದೊಳಗಿನ ನಬತೇಯ ವರ್ತಕ ಸಮುದಾಯದ ಮುಖ್ಯಸ್ಥನಿಗೂ ಸಲ್ಲುತ್ತದೆ. ಹಾಗಾದರೆ ನಗರವು ಅರೇತನ ಕೈಸೇರಬೇಕಾದ ಅಗತ್ಯವಿಲ್ಲ. ಆಗ ಉಳಿಯುವ ಖಚಿತವಾದ ಮೇರೆಯು ಅರೇತನು ಸತ್ತ ವರ್ಷವೊಂದೇ. ನಾಣ್ಯಗಳೇ ಇದನ್ನು ರುಜುವಾತುಪಡಿಸಿವೆಯೆಂದು ವೇದಿಕೆಯಿಂದ ಸಾರುವವರು ಇಷ್ಟನ್ನಾದರೂ ಸಭೆಗೆ ತಿಳಿಸಬೇಕು.