ನಾಟಿ ಗದ್ದೆಯಲ್ಲಿ ದುಡಿಯುವ ಮೂರು ಬಗೆಯ ಸ್ನಾಯುಗಳು

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆಗೆ ಕೃಷ್ಣಾ ನದಿಯ ನೀರು ಬಂತೆಂದರೆ ಭತ್ತದ ನಾಟಿ ಶುರು. ನಮ್ಮ ಕರಾವಳಿಯವರು ನೇಜಿ ನೆಡುವುದು ಎನ್ನುವುದನ್ನು ಅಲ್ಲಿಯವರು ನಾಟಿ ಹಚ್ಚುವುದು ಎನ್ನುತ್ತಾರೆ. ಹೆಸರು ಬೇರೆಯಾದರೂ ಸೊಂಟನೋವು ಒಂದೇ!

ಈ ನೋವು ಎಲುಬಿಗೆ ಅಂಟಿದ ಸ್ನಾಯುಗಳಿಗೆ ಸಂಬಂಧಿಸಿದ್ದು. ಇಂಥವು ನಮ್ಮ ದೇಹದಲ್ಲಿ 600ಕ್ಕೂ ಹೆಚ್ಚಿವೆ. ಇವು ನಮ್ಮ ಇಚ್ಛೆಯಂತೆ ನಡೆಯುತ್ತವೆ. ಮೆದುಳಿನ ಆಜ್ಞೆ ಬೆನ್ನುಹುರಿಗೆ ಇಳಿದು, ಅಲ್ಲಿಂದ ನರದ ಮೂಲಕ ಸ್ನಾಯುವನ್ನು ತಲುಪುತ್ತದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹರಡುತ್ತದೆ. ಆಕ್ಟಿನ್, ಮಯೋಸಿನ್ ಎಂಬ ಎಳೆಗಳು ಒಂದರ ಮೇಲೊಂದು ಜಾರಿ ಸ್ನಾಯು ಕುಗ್ಗುತ್ತದೆ. ಒಂದು ವಿಷಯ ನೆನಪಿಡಿ: ಸ್ನಾಯು ಎಳೆಯಬಲ್ಲದೇ ಹೊರತು ತಳ್ಳಲಾರದು. ಆದ್ದರಿಂದಲೇ ಅವು ಜೋಡಿಯಾಗಿರುತ್ತವೆ. ತೋಳಿನ ಮುಂದಿನ ಸ್ನಾಯು ಕೈಯನ್ನು ಮಡಚಿದರೆ, ಹಿಂದಿನದು ನೀಡುತ್ತದೆ. ಸಸಿ ಊರುವ ಬೆರಳಿನ ನಯವನ್ನೂ ಕೆಸರಿನಲ್ಲಿ ಕಾಲಿನ ಸಮತೋಲವನ್ನೂ ಸರಿಪಡಿಸುತ್ತಾ ಇರುವುದು ಕಿರುಮೆದುಳು.

ಬೆನ್ನಿನ ಸಂಗತಿ ಸ್ವಲ್ಪ ವಿಚಿತ್ರ. ಪೂರ್ತಿ ಬಾಗಿದಾಗ ಬೆನ್ನಿನ ಸ್ನಾಯುಗಳು ಬಹುಮಟ್ಟಿಗೆ ಸುಮ್ಮನಾಗುತ್ತವೆ, ಭಾರವೆಲ್ಲ ಎಲುಬುಗಳನ್ನು ಬಿಗಿದಿರುವ ಕಟ್ಟುಗಳ ಮೇಲೆ ಬೀಳುತ್ತದೆ. ಗಂಟೆಗಟ್ಟಲೆ ಹೀಗೆ ಜಗ್ಗಿದ ಕಟ್ಟುಗಳು ಸಡಿಲವಾಗುತ್ತವೆ. ಆಮೇಲೆ ತಟ್ಟನೆ ಎದ್ದು ಸಸಿಯ ಬುಟ್ಟಿ ಎತ್ತಿದರೆ ಸೊಂಟ ಹಿಡಿಯದೆ ಇರುತ್ತದೆಯೇ? ಆಗಾಗ ನೆಟ್ಟಗೆ ನಿಂತು, ನಿಧಾನವಾಗಿ ಹಿಂದಕ್ಕೆ ಬಾಗುವುದು ಸೋಮಾರಿತನವಲ್ಲ. ಗದ್ದೆಯ ಮಾಲೀಕರು ಇದನ್ನು ತಿಳಿದಿರಬೇಕು.

ಎರಡನೆಯ ಬಗೆ ನಯವಾದ ಸ್ನಾಯು. ಹೊಟ್ಟೆ, ಕರುಳು, ರಕ್ತನಾಳ, ಮೂತ್ರನಾಳಗಳ ಗೋಡೆಗಳಲ್ಲಿರುವ ಇದು ನಮ್ಮ ಮಾತು ಕೇಳುವುದಿಲ್ಲ. ಬಿಸಿಲಿನಲ್ಲಿ ನೀರು ಕುಡಿಯದೆ ದುಡಿದವರಿಗೆ ಮೂತ್ರದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚು. ಆ ಕಲ್ಲನ್ನು ಹೊರದೂಡಲು ಮೂತ್ರನಾಳದ ಸ್ನಾಯು ಹಿಂಡುವಾಗ ಬರುವ ನೋವನ್ನು ಅನುಭವಿಸಿದವರೇ ಬಲ್ಲರು.

ಮೂರನೆಯದು ಹೃದಯದ ಸ್ನಾಯು. ತನ್ನ ಮಿಡಿತವನ್ನು ತಾನೇ ಹುಟ್ಟಿಸಿಕೊಂಡು ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಕೈಕಾಲಿನ ಸ್ನಾಯುವಿಗೆ ಪೆಟ್ಟಾದರೆ ಬಹುಮಟ್ಟಿಗೆ ಮತ್ತೆ ಬೆಳೆಯುತ್ತದೆ. ಆದರೆ ರಕ್ತ ಸಿಗದೆ ಸತ್ತ ಹೃದಯದ ಸ್ನಾಯು ಹೆಚ್ಚುಕಡಿಮೆ ಹಾಗೆಯೇ ಕಲೆಯಾಗಿ ಉಳಿಯುತ್ತದೆ. ಮೈಕೈ ನೋವಿಗೆ ಒಗ್ಗಿಹೋದ ದುಡಿಯುವ ಜನ ಎದೆನೋವನ್ನೂ 'ಗ್ಯಾಸ್' ಎಂದೋ 'ಚೀಲ ಹೊತ್ತ ನೋವು' ಎಂದೋ ತಳ್ಳಿಹಾಕುವುದುಂಟು. ಎದೆ ಬಿಗಿದು, ನೋವು ಎಡತೋಳಿಗೋ ದವಡೆಗೋ ಹರಡಿ, ಬೆವರು ಕಿತ್ತುಬಂದರೆ ಸಂಜೆಯವರೆಗೆ ಕಾಯಬಾರದು. ಸುರಪುರದಿಂದ ಜಿಲ್ಲಾ ಕೇಂದ್ರ ಯಾದಗಿರಿಗೆ ಸುಮಾರು 50 ಕಿ.ಮೀ. ದಾರಿ. ಮೊದಲು 108ಕ್ಕೆ ಕರೆಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ.