ಇನ್ನೊಂದು ವಿದ್ಯಾನಗರದ ಅರಬ್ಬಿ ಪಾಠ

ದಾವಣಗೆರೆಯವರಿಗೆ ವಿದ್ಯಾನಗರ ಎಂದರೆ ಊರೊಳಗಿನ ಒಂದು ಬಡಾವಣೆ. ಕಾಸರಗೋಡಿನಲ್ಲೂ ಒಂದು ವಿದ್ಯಾನಗರವಿದೆ. ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಇದೆ, ಅರೇಬಿಕ್ ಎಂ.ಎ. ಕೂಡ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾಯಿತು. ಮರುವರ್ಷ, 1957ರಲ್ಲಿ, ಈ ಕಾಲೇಜು ಶುರುವಾಯಿತು. ಗಡಿ ತಕರಾರಿನ ಬಗ್ಗೆ ನಾವು ರೀಮುಗಟ್ಟಲೆ ಬರೆದಿದ್ದೇವೆ. ಪಂಪನಿಗೂ ಅರಬ್ಬಿ ವ್ಯಾಕರಣಕ್ಕೂ ಒಂದೇ ಆವರಣದಲ್ಲಿ ಜಾಗ ಕೊಟ್ಟ ಈ ಕಾಲೇಜಿನ ಬಗ್ಗೆ ಬರೆದದ್ದು ಕಡಿಮೆ.

ನಮ್ಮ ಕಡೆ ಅರಬ್ಬಿ ಎಂದ ಕೂಡಲೇ ಮದರಸಾ ಕಣ್ಣಮುಂದೆ ಬರುತ್ತದೆ. ಅಲ್ಲಿ ಚಿಕ್ಕಮಕ್ಕಳು ಮೊದಲು ಕಲಿಯುವುದು ಕುರ್‌ಆನಿನ ಶುದ್ಧ ಓದು. ಅರ್ಥ ಆಮೇಲಿನ ಮಾತು. ಕೇರಳದಲ್ಲಿ ಅರಬ್ಬಿ ಸರ್ಕಾರಿ ಶಾಲೆಯ ಭಾಷಾವಿಷಯವೂ ಹೌದು, ಅದಕ್ಕೆ ಮೇಷ್ಟ್ರುಗಳೂ ಇದ್ದಾರೆ. ಈ ಮೇಷ್ಟ್ರುಗಿರಿ ಅಲ್ಲಿ ಎಷ್ಟು ಗಂಭೀರ ಸಂಗತಿಯೆಂದರೆ, ಭಾಷಾ ಶಿಕ್ಷಕರ ನೇಮಕದ ಮೇಲೆ ಸರ್ಕಾರ ಹೊಸ ಷರತ್ತು ಹೇರಿದಾಗ 1980ರ ಜುಲೈ 30ರಂದು ಮಲಪ್ಪುರಂನಲ್ಲಿ ಪ್ರತಿಭಟನೆ ನಡೆದು, ಗೋಲಿಬಾರಿನಲ್ಲಿ ಮೂವರು ಸತ್ತರು. ಕಾಲೇಜಿನ ಮಟ್ಟಕ್ಕೆ ಬಂದರೆ ಅರಬ್ಬಿಯೂ ಇತರ ಭಾಷೆಗಳ ಹಾಗೆ: ಇಸ್ಲಾಂ ಪೂರ್ವದ ಕಾವ್ಯ, ಅಲಂಕಾರಶಾಸ್ತ್ರ, ನಗೀಬ್ ಮಹ್ಫೂಜ್‌ನಂಥವರ ಕಾದಂಬರಿ, ಜೊತೆಗೆ ವ್ಯಾಕರಣ ಮತ್ತು ಅನುವಾದ.

ವ್ಯಾಕರಣಕ್ಕೆ ಎರಡು ಕವಲು. ಪದ ಹುಟ್ಟುವ ಬಗೆ ಹೇಳುವುದು 'ಸರ್ಫ್', ಪದ ವಾಕ್ಯದಲ್ಲಿ ಕೂರುವ ಬಗೆ ಹೇಳುವುದು 'ನಹ್ವ್'. ನಮ್ಮ ಪಾಠಗಳಲ್ಲಿ ರಾಮ, ಭೀಮ ಇರುವಂತೆ ಅರಬ್ಬಿ ವ್ಯಾಕರಣಗಳಲ್ಲಿ ಜೈದ್ ಮತ್ತು ಅಮ್ರ್ ಎಂಬಿಬ್ಬರು ನೂರಾರು ವರ್ಷಗಳಿಂದ ಹೊಡೆದಾಡುತ್ತಿದ್ದಾರೆ. 'ಜರಬ ಜೈದುನ್ ಅಮ್ರನ್' ಅಂದರೆ ಜೈದ್ ಅಮ್ರನನ್ನು ಹೊಡೆದ. ಕ್ರಿಯಾಪದ ಮೊದಲು ಬಂತು. ಹೊಡೆದವನಿಗೆ 'ಉನ್', ಹೊಡೆಸಿಕೊಂಡವನಿಗೆ 'ಅನ್'. ವಿಭಕ್ತಿ ಪ್ರತ್ಯಯ ಉರುಹೊಡೆದ ಕನ್ನಡದ ಹುಡುಗರಿಗೆ ಇದು ಹೊಸದಲ್ಲ. ನಮಗೆ ವಿಭಕ್ತಿ ಏಳು, ಅವರಿಗೆ ಮೂರೇ. ಸಂಸ್ಕೃತ ಓದಿದವರಿಗೆ ದ್ವಿವಚನವೂ ಗುರುತು ಸಿಗುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಪತ್ರಿಕೆಯಲ್ಲಿ, ಕಾದಂಬರಿಯಲ್ಲಿ ಹ್ರಸ್ವ ಸ್ವರಗಳ ಚಿಹ್ನೆ ಹಾಕುವುದಿಲ್ಲ. ಕ, ತ, ಬ, ತ ಎಂಬ ನಾಲ್ಕು ವ್ಯಂಜನ ಕಂಡರೆ ಅದು 'ಕತಬ್ತು' (ನಾನು ಬರೆದೆ) ಆಗಬಹುದು, 'ಕತಬ್ತ' ಅಥವಾ 'ಕತಬ್ತಿ' (ನೀನು ಬರೆದೆ) ಆಗಬಹುದು, 'ಕತಬತ್' (ಅವಳು ಬರೆದಳು) ಕೂಡ ಆಗಬಹುದು. ಬೇರೆ ಭಾಷೆಗಳಲ್ಲಿ ಓದಿ ಅರ್ಥ ಮಾಡಿಕೊಳ್ಳುತ್ತೇವೆ. ಇಲ್ಲಿ ಅರ್ಥವಾದರಷ್ಟೇ ಸರಿಯಾಗಿ ಓದಲು ಬರುತ್ತದೆ. ಇಂಥ ಅರಬ್ಬಿಗೆ ಎಂಟನೇ ಶತಮಾನದ ಸೀಬವೈಹಿ ಬರೆದ ವ್ಯಾಕರಣಕ್ಕೆ 'ಅಲ್ ಕಿತಾಬ್', ಅಂದರೆ ಬರೀ 'ಪುಸ್ತಕ' ಎಂದೇ ಹೆಸರು. ಆತ ಹುಟ್ಟಿನಿಂದ ಪರ್ಷಿಯನ್. ಹೊರಗಿನಿಂದ ಬಂದು ಕಲಿತವನಿಗೇ ನಿಯಮ ಕಣ್ಣಿಗೆ ಬೀಳುವುದು ಎಂದು ನನ್ನ ಗುಮಾನಿ.

'ಕತಬ್ತ' ಗಂಡಿಗೆ, 'ಕತಬ್ತಿ' ಹೆಣ್ಣಿಗೆ. ಇಂಗ್ಲಿಷಿನಲ್ಲಿ ಎರಡೂ 'ಯೂ' ಆಗಿ ಲಿಂಗ ಕಳೆದುಹೋಗುತ್ತದೆ. ಕನ್ನಡದ ಅನುವಾದಕನಿಗೆ ಇನ್ನೊಂದು ಪೇಚು: ಮಗ ಅಪ್ಪನಿಗೂ, ಅಪ್ಪ ಮಗನಿಗೂ ಅರಬ್ಬಿಯಲ್ಲಿ 'ಅಂತ' ಎನ್ನುತ್ತಾರೆ, ಎಲ್ಲಿ 'ನೀನು', ಎಲ್ಲಿ 'ನೀವು' ಎಂದು ಇವನೇ ತೀರ್ಮಾನಿಸಬೇಕು. ನಂಟಿನ ಹೆಸರುಗಳಲ್ಲಿ ಮಾತ್ರ ಎರಡೂ ಭಾಷೆ ಒಂದೇ ಮನೆಯವು. ತಂದೆಯ ಸಹೋದರ 'ಅಮ್ಮ್', ತಾಯಿಯ ಸಹೋದರ 'ಖಾಲ್'. ನಮಗೂ ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ. ನಡುವೆ ಇಂಗ್ಲಿಷ್ ಬಂತೋ, ಇಬ್ಬರೂ 'ಅಂಕಲ್'! ಇಂಗ್ಲಿಷ್ ಪ್ರತಿ ಮುಂದಿಟ್ಟುಕೊಂಡ ಕನ್ನಡ ಅನುವಾದಕ ಆಗ ಊಹೆಗೆ ಇಳಿಯಬೇಕು. ಕುರ್‌ಆನಿಗೆ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಅರಬ್ಬಿ ಕಥೆ, ಕಾದಂಬರಿ ಮಾತ್ರ ಬಹುಪಾಲು ಇಂಗ್ಲಿಷಿನ ಬಾಗಿಲಿನಿಂದಲೇ ಬಂದಿವೆ.

ಮಧ್ಯವರ್ತಿ ಭಾಷೆಯಿಂದ ಬಂದದ್ದೆಲ್ಲ ಕೆಟ್ಟಿತು ಎನ್ನಲಾರೆ. ಪಂಚತಂತ್ರ ಅರಬ್ಬಿಗೆ ಹೋದದ್ದು ಪಹ್ಲವಿಯ ಮೂಲಕ. ಎಂಟನೇ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫಾ ಅದನ್ನು 'ಕಲೀಲಾ ವ ದಿಮ್ನಾ' ಮಾಡಿದ. ನಮ್ಮ ಕರಟಕ, ದಮನಕರೇ ಆ ಕಲೀಲಾ, ದಿಮ್ನಾ. ಆದರೆ ಅವನಿಗೆ ಬೇರೆ ದಾರಿ ಇರಲಿಲ್ಲ. ನಮಗಿದೆ, ಅದೂ ಮಂಗಳೂರಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿ. ಕಾಸರಗೋಡಿನ ತಳಂಗರೆಯ ಟಿ. ಉಬೈದ್ (1908–1972) ಕನ್ನಡ ಶಾಲೆಯಲ್ಲಿ ಓದಿ ಮಲಯಾಳಂ ಕವಿಯಾದವರು, ಮಾಪಿಳ್ಳೆ ಹಾಡುಗಳ ವಿದ್ವಾಂಸರು, ಎರಡೂ ಭಾಷೆಗಳ ನಡುವೆ ಅನುವಾದ ಮಾಡಿದವರು. ಅಂಥ ಮಣ್ಣದು.

2019ರ ಅಂತಾರಾಷ್ಟ್ರೀಯ ಬೂಕರ್ ಒಮಾನಿನ ಜೋಖಾ ಅಲ್ ಹಾರ್ಸಿಗೆ ಬಂತು, ಅರಬ್ಬಿ ಲೇಖಕರಿಗೆ ಮೊದಲ ಸಲ. 2025ರದ್ದು ಕನ್ನಡಕ್ಕೆ, ಬಾನು ಮುಷ್ತಾಕ್ ಅವರಿಗೆ. ಎರಡು ಸಲವೂ ಅನುವಾದಕಿಗೆ ಸಮಪಾಲು. ಪ್ರಶಸ್ತಿ ಕೊಡುವವರಿಗೆ ತಿಳಿದದ್ದು ನಮ್ಮ ಪ್ರಕಾಶಕರಿಗೂ ತಿಳಿಯಬೇಕು.

ಮಕ್ಕಳನ್ನು ಕಳಿಸುವ ಮನಸ್ಸಿದ್ದವರು ಗಮನಿಸಿ: ಕಾಲೇಜು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಕೇರಳದಲ್ಲಿ 2024ರಿಂದ ಪದವಿ ನಾಲ್ಕು ವರ್ಷದ ಚೌಕಟ್ಟಿನಲ್ಲಿದೆ. ಪ್ರವೇಶ ಪ್ರಕಟಣೆಯಲ್ಲಿ ಅರ್ಹತೆಯ ನಿಯಮ ಮೊದಲೇ ಓದಿಕೊಳ್ಳಿ. ಕನ್ನಡ ಪ್ರಕಾಶಕರಲ್ಲೂ ಒಂದು ಮನವಿ: ಮುಂದೆ ಅರಬ್ಬಿ ಕಾದಂಬರಿಯೊಂದರ ಹಕ್ಕು ಕೊಂಡಾಗ, ಮೂಲ ಪ್ರತಿ ಹಿಡಿದು ಒಮ್ಮೆ ಕಾಸರಗೋಡಿನ ವಿದ್ಯಾನಗರಕ್ಕೆ ಫೋನ್ ಮಾಡಿ.