ಆಘಾತೋತ್ತರ ಒತ್ತಡದ ಕಾಯಿಲೆಯ ತಡೆಗಟ್ಟುವಿಕೆ

ಪ್ರವಾಹ, ಅಪಘಾತ, ಹಿಂಸೆ ಮೊದಲಾದ ಭೀಕರ ಅನುಭವದ ನೆನಪು ದೀರ್ಘಕಾಲದ ಕಾಯಿಲೆಯಾಗಿ ನೆಲೆಗೊಳ್ಳದಂತೆ ಕೈಗೊಳ್ಳುವ ಕ್ರಮಗಳನ್ನು ಆಘಾತೋತ್ತರ ಒತ್ತಡದ ಕಾಯಿಲೆಯ ತಡೆಗಟ್ಟುವಿಕೆ ಎನ್ನಲಾಗುತ್ತದೆ. ಘಟನೆಯ ಬಳಿಕ ನಿದ್ರಾಹೀನತೆ, ದುಃಸ್ವಪ್ನ, ಬೆಚ್ಚಿಬೀಳುವಿಕೆ ಸಹಜವಾಗಿದ್ದು, ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ತಗ್ಗುತ್ತವೆ. ಇಂತಹ ಲಕ್ಷಣಗಳು ಒಂದು ತಿಂಗಳು ಮೀರಿ ಉಳಿದು ದೈನಂದಿನ ಬದುಕಿಗೆ ಅಡ್ಡಿಯಾದಾಗ ಮಾತ್ರ ಈ ಕಾಯಿಲೆಯನ್ನು ಗುರುತಿಸಲಾಗುತ್ತದೆ.

ಧಾರವಾಡ ಜಿಲ್ಲೆಯಲ್ಲಿ 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದ ಕಟ್ಟಡ ಕುಸಿದು 19 ಮಂದಿ ಮೃತಪಟ್ಟರು; ಅದೇ ವರ್ಷದ ಆಗಸ್ಟ್‌ನಲ್ಲಿ ಅಳ್ನಾವರ ಪಟ್ಟಣಕ್ಕೆ ನೆರೆನೀರು ನುಗ್ಗಿತು. ಇಂತಹ ದುರಂತಗಳಲ್ಲಿ ಬದುಕುಳಿದವರಿಗೆ ಮೊದಲು ಬೇಕಾಗುವುದು ಸುರಕ್ಷಿತ ನೆಲೆ, ಆಹಾರ, ಕುಟುಂಬದವರ ಸುದ್ದಿ ಹಾಗೂ ತಾಳ್ಮೆಯಿಂದ ಆಲಿಸುವವರು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿಯು ಇದನ್ನು ಮಾನಸಿಕ ಪ್ರಥಮ ಚಿಕಿತ್ಸೆ ಎಂದು ವಿವರಿಸುತ್ತದೆ.

ನಡೆದುದನ್ನು ಒತ್ತಾಯಪಡಿಸಿ ಹೇಳಿಸುವುದು ಇದರ ಭಾಗವಲ್ಲ. ಘಟನೆಯ ಬೆನ್ನಲ್ಲೇ ಒಂದೇ ಬಾರಿ ಕೂರಿಸಿ ಎಲ್ಲವನ್ನೂ ವಿವರವಾಗಿ ಹೇಳಿಸುವ ಕ್ರಮವು ಕಾಯಿಲೆಯನ್ನು ತಡೆಯುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಬೆಂಜೊಡಯಜಪೀನ್ ವರ್ಗದ ನಿದ್ರೆಮಾತ್ರೆಗಳನ್ನೂ ಈ ಉದ್ದೇಶಕ್ಕೆ ಶಿಫಾರಸು ಮಾಡುವುದಿಲ್ಲ. ಮೊದಲ ತಿಂಗಳಲ್ಲೇ ತೀವ್ರ ಲಕ್ಷಣಗಳುಳ್ಳವರಿಗೆ ಆಘಾತ-ಕೇಂದ್ರಿತ ಅರಿವು-ವರ್ತನೆ ಚಿಕಿತ್ಸೆ ನೆರವಾಗುತ್ತದೆ. ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಲಭ್ಯವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416.